ಮೆಲಂಕೋಲಿಯಾ ಪದಕ್ಕೆ ನಾನು ಹೇಳಿದ ಅರ್ಥ

ಮೊದಲೇ ಒಂದು ಮಾತನ್ನು ಒಪ್ಪಿಕೊಂಡುಬಿಡುತ್ತೇನೆ. ನಾನು ಬರೆಯುವ ಕನ್ನಡ ಶಾಲೆಯಲ್ಲಿ ಕಲಿತದ್ದು, ಮನೆಯಲ್ಲಿ ಆಡಿದ್ದಲ್ಲ. ಆದ್ದರಿಂದ ವಾಕ್ಯಗಳು ಕೆಲವೆಡೆ ಬಿಗಿಯಾಗಿ ಕಾಣಬಹುದು. ನಡೆದದ್ದಕ್ಕೆ ಹಲವು ವರ್ಷಗಳಾಗಿರುವುದರಿಂದ ಒಂದೆರಡು ವಿವರಗಳು ಹಿಂದೆ ಮುಂದೆ ಆಗಿರಲೂಬಹುದು. ಅದು ನನ್ನ ಕೊರತೆಯೆಂದು ತಿಳಿದು ಓದುಗರು ಸಹಿಸಿಕೊಳ್ಳಬೇಕು. ಆದರೆ ಇಲ್ಲಿ ಹೇಳುವ ಮುಖ್ಯ ಸಂಗತಿಯ ವಿಷಯದಲ್ಲಿ ನನಗೆ ಯಾವ ಅನುಮಾನವೂ ಇಲ್ಲ. ನಾನು ಒಂದು ಇಂಗ್ಲಿಷ್ ಪದದ ಅರ್ಥವನ್ನು ಹಿರಿಯರ ಮುಂದೆ ಸರಿಯಾಗಿ ಹೇಳಿದೆ, ಮತ್ತು ಹಾಗೆ ಸರಿಯಾಗಿ ಹೇಳಿ ನನ್ನ ಸ್ವಂತ ಅಕ್ಕನಿಗೆ ಕೇಡು ಮಾಡಿದೆ.

ನಮ್ಮದು ಆಳಂದ ತಾಲೂಕಿನಲ್ಲಿ ಕಡಗಂಚಿಯ ಹತ್ತಿರದ ಒಂದು ಹಳ್ಳಿ. ಅಪ್ಪ ಒಕ್ಕಲುತನದವರು. ಅವ್ವನಿಗೆ ಅಕ್ಷರ ಬರುತ್ತಿರಲಿಲ್ಲ, ಅಪ್ಪನಿಗೆ ಸಹಿ ಮಾತ್ರ ಬರುತ್ತಿತ್ತು. ನಮ್ಮ ವಂಶದಲ್ಲಿ ಪದವಿ ಪಡೆದ ಮೊದಲಿಗಳು ನಾನು. ಎಂಬತ್ತರ ದಶಕದ ಆರಂಭದಲ್ಲಿ ದಿನವೂ ಬಸ್ಸಿನಲ್ಲಿ ಗುಲಬರ್ಗಾಕ್ಕೆ ಹೋಗಿಬಂದು ಬಿ.ಎ. ಮುಗಿಸಿದೆ. ಹೆಣ್ಣುಮಗಳನ್ನು ಕಾಲೇಜಿಗೆ ಕಳಿಸಿದ್ದಕ್ಕೆ ಓಣಿಯವರು ಅಪ್ಪನನ್ನು ಎಷ್ಟು ಆಡಿಕೊಂಡರೆಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಅಗಸಿಕಟ್ಟೆಯ ಮೇಲೆ ಕೂತವರು ನಾನು ಬಸ್ಸಿಳಿದು ಬರುವಾಗ "ಸಾಹೇಬರ ಸವಾರಿ ಬಂತು" ಎನ್ನುತ್ತಿದ್ದರು. ಆ ಮಾತುಗಳಿಗೆಲ್ಲ ಒಂದು ದಿನ ಉತ್ತರ ಕೊಡಬೇಕೆಂದು ನಾನು ಒಳಗೊಳಗೇ ಕಾಯುತ್ತಿದ್ದೆ. ಈ ಆಸೆಯನ್ನು ಇಲ್ಲಿ ಮರೆಮಾಚುವುದು ಸರಿಯಲ್ಲ. ಮುಂದಿನದಕ್ಕೆಲ್ಲ ಅದೂ ಒಂದು ಕಾರಣ.

ಅಕ್ಕ ನನಗಿಂತ ನಾಲ್ಕು ವರ್ಷ ದೊಡ್ಡವಳು. ಏಳನೆಯ ಇಯತ್ತೆಗೆ ಶಾಲೆ ಬಿಟ್ಟಳು. ನಮ್ಮ ಮನೆಯಲ್ಲಿ ದೊಡ್ಡಪ್ಪ, ಚಿಕ್ಕಪ್ಪಂದಿರ ಸಂಸಾರಗಳೆಲ್ಲ ಸೇರಿ ಇಪ್ಪತ್ತಕ್ಕೂ ಹೆಚ್ಚು ಜನ. ಬೆಳಿಗ್ಗೆ ಮೂರು ಒಲೆಗಳ ಮುಂದೆ ಮೂವರು ಹೆಂಗಸರು ಕೂತು ರೊಟ್ಟಿ ಬಡಿಯುತ್ತಿದ್ದರು. ಒಬ್ಬರ ಕೈ ನಿಂತರೆ ಇನ್ನೊಬ್ಬರು ಮಾತು ತೆಗೆಯುತ್ತಿದ್ದರು. ಆ ಮೂವರಲ್ಲಿ ಅಕ್ಕನದೇ ಹೆಚ್ಚು ಬಾಯಿ. ರೊಟ್ಟಿಯ ಸಪ್ಪಳ ಕಡಿಮೆ, ಇವಳ ಸಪ್ಪಳ ಹೆಚ್ಚು ಎಂದು ಅವ್ವ ಬೈಯುವಳು.

ಅವಳನ್ನು ಜೇವರ್ಗಿ ತಾಲೂಕಿನ ಕೊಳಕೂರಿಗೆ ಕೊಟ್ಟರು. ಮದುವೆಯಾದ ಎರಡನೆಯ ವರ್ಷ ಬೀಗರ ಮನೆಯ ಅಣ್ಣತಮ್ಮಂದಿರು ಬೇರೆಯಾದರು. ಊರೊಳಗಿನ ಮನೆ ಭಾವನ ಅಣ್ಣನಿಗೆ ಹೋಯಿತು. ಭಾವನ ಪಾಲಿಗೆ ಊರಿನಿಂದ ಎರಡು ಮೈಲಿ ದೂರದ ಹೊಲ ಮತ್ತು ಅಲ್ಲಿದ್ದ ಮಣ್ಣಿನ ಮಾಳಿಗೆಯ ಮನೆ ಬಂದವು. ಭಾವ ಒಳ್ಳೆಯವರು, ದುಡಿಯುವವರು, ಆದರೆ ಮಾತು ಕಡಿಮೆ. ಹೊಲ ಚೆನ್ನಾಗಿತ್ತು. ಎರಡು ಎಮ್ಮೆ ಕಟ್ಟಿದ್ದರು. ಉಣ್ಣಲು ತಿನ್ನಲು ಯಾವ ಕೊರತೆಯೂ ಇರಲಿಲ್ಲವೆಂದು ನಾವೆಲ್ಲ ನೆಮ್ಮದಿಯಿಂದಿದ್ದೆವು.

ಹೊಲದ ಮನೆಗೆ ಹೋದ ವರ್ಷದೊಳಗೆ ಅಕ್ಕ ಮಾತು ಕಡಿಮೆ ಮಾಡಿದಳು. ಆಮೇಲೆ ಊಟ ಕಡಿಮೆಯಾಯಿತು. ಮಾಡುವ ಕೆಲಸವನ್ನು ನಡುವೆಯೇ ಬಿಟ್ಟು ಗೋಡೆಗೆ ಒರಗಿ ಕೂಡುತ್ತಾಳೆ, ಕರೆದರೆ ಓಗೊಡುವುದಿಲ್ಲ ಎಂದು ಸುದ್ದಿ ಬಂತು. ಬೀಗರು ಅವಳನ್ನು ಘತ್ತರಗಿಯ ದೇವಿ ಗುಡಿಗೆ ಕರೆದುಕೊಂಡು ಹೋಗಿ ಹರಕೆ ತೀರಿಸಿದರು. ಏನೂ ಬದಲಾಗಲಿಲ್ಲ. ಕೊನೆಗೆ ಭಾವನೇ ಸೊಲ್ಲಾಪುರದ ಒಬ್ಬ ಡಾಕ್ಟರ ಹತ್ತಿರ ತೋರಿಸಿಕೊಂಡು ಬಂದರು. ಡಾಕ್ಟರು ಗುಳಿಗೆ ಕೊಟ್ಟು, ಒಂದು ಚೀಟಿ ಬರೆದುಕೊಟ್ಟರು. ಆ ಚೀಟಿಯನ್ನು ಕೊಳಕೂರಿನಲ್ಲಿ ಯಾರು ನೋಡಿದರೋ, ಏನು ಹೇಳಿದರೋ ತಿಳಿಯದು. ತಲೆ ಕೆಟ್ಟವರಿಗೆ ಬರೆಯುವ ಚೀಟಿ ಎಂದು ಮಾತು ಹುಟ್ಟಿತು. ಹದಿನೈದು ದಿನಗಳಲ್ಲಿ ಭಾವನ ಅಣ್ಣ ಅಕ್ಕನನ್ನು ನಮ್ಮ ಮನೆಗೆ ತಂದು ಬಿಟ್ಟು, ಸೋಡಚೀಟಿಯ ಮಾತು ತೆಗೆದರು. ಸೋಡಚೀಟಿ ಎಂದರೆ ಹೆಂಡತಿಯನ್ನು ಬಿಟ್ಟೆನೆಂದು ಹಿರಿಯರ ಮುಂದೆ ಬರೆದುಕೊಡುವ ಕಾಗದ. ತಮ್ಮನಿಗೆ ಇನ್ನೊಂದು ಹೆಣ್ಣು ನೋಡಿಯೂ ಆಗಿದೆ ಎಂಬ ಸುದ್ದಿ ಅದರ ಬೆನ್ನಿಗೇ ಬಂತು.

ಎರಡೂ ಕಡೆಯವರು ಕೂಡಿ ಮಾತಾಡಲು ಅಫಜಲಪುರದಲ್ಲಿ ನಮ್ಮ ಸೋದರಮಾವನ ಮನೆಯನ್ನು ಗೊತ್ತುಮಾಡಿದರು. ಅದು ಇಬ್ಬರಿಗೂ ಹೆಚ್ಚುಕಡಿಮೆ ಒಂದೇ ದೂರದ ಊರು. ಎರಡೂ ಮನೆಗಳಿಗೆ ಬೇಕಾದ ಒಬ್ಬ ಹಿರಿಯರು ಅಲ್ಲಿದ್ದರು. ಕಾಳಿನ ವ್ಯಾಪಾರ ಬಿಟ್ಟು ಮಕ್ಕಳಿಗೆ ವಹಿಸಿದವರು, ತೂಕದ ಮನುಷ್ಯ. ನಮ್ಮ ಕಡೆ ಹೀಗೆ ಕೂಡಿದ ಜನಕ್ಕೆ ದೈವ ಎನ್ನುತ್ತಾರೆ. ದೈವದ ಮುಂದೆ ಕಾಗದವಿದ್ದರೆ ಅದನ್ನು ಓದಿ ಹೇಳಬೇಕು. ಓದಿದ ಮೇಲೆ ತೀರ್ಮಾನವಾಗಿ ಎಲ್ಲರೂ ಎಲೆ ಅಡಿಕೆ ಹಿಡಿದರೆ ಮಾತು ಮುಗಿದಂತೆ. ಆಮೇಲೆ ಅದನ್ನು ಮುರಿಯಬೇಕಾದರೆ, ಮುರಿಯುವವರೇ ದೈವದ ಮುಂದೆ ನಿಂತು ತಮ್ಮ ತಪ್ಪು ಹೇಳಿಕೊಂಡು, ತಾವೇ ಹೊಸದಾಗಿ ಎಲೆ ಅಡಿಕೆ ಇಡಬೇಕು. ಹಾಗೆ ಮಾಡಿದವರನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ಬೀಗರು ಚೀಟಿ ಓದಿಸಲು ಜೇವರ್ಗಿಯಿಂದ ಒಬ್ಬ ಗುಮಾಸ್ತರನ್ನು ಕರೆತರುತ್ತೇವೆಂದರು. ಅಪ್ಪ ಒಪ್ಪಲಿಲ್ಲ.

"ಓದಾಕ ನಮ್ಮ ಮನ್ಯಾಗ ಒಬ್ಬಾಕಿ ಅದಾಳ್ರಿ," ಎಂದರು. "ಅಕಿ ಓದ್ಲಿ. ಆಮ್ಯಾಲ ನೀವು ಹೇಳಿದ್ದು ಕೇಳ್ತೇನಿ."

ನನಗೆ ಎಂಟು ದಿನಗಳ ಸಮಯ ಸಿಕ್ಕಿತು. ಚೀಟಿ ಅಕ್ಕನ ಗಂಟಿನಲ್ಲೇ ಇತ್ತು. ಡಾಕ್ಟರ ಕೈಬರಹ ಕಷ್ಟದ್ದಾದರೂ ಗುಳಿಗೆಗಳ ಹೆಸರಿನ ಮೇಲೆ ಬರೆದ ಒಂದು ಪದ ಸ್ಪಷ್ಟವಾಗಿತ್ತು: ಮೆಲಂಕೋಲಿಯಾ. ಕಾಲೇಜಿನ ಪಠ್ಯದಲ್ಲಿ ಅದರ ಹತ್ತಿರದ ಮೆಲಂಕಲಿ ಎಂಬ ಪದವನ್ನು ಓದಿದ್ದೆ. ಸಂಜೆಯ ಹೊತ್ತು, ಬೀಳುವ ಎಲೆ, ಒಂಟಿ ಹಕ್ಕಿ ಇವುಗಳ ಜೊತೆಗೆ ಬರುವ ಪದವದು. ಅಷ್ಟನ್ನು ಹೇಳಿ ದೈವದ ಮುಂದೆ ಪಾರಾಗುವುದು ಸಾಧ್ಯವಿರಲಿಲ್ಲ. ಗುಲಬರ್ಗಾಕ್ಕೆ ಹೋಗಿ ಗ್ರಂಥಾಲಯದಲ್ಲಿ ಕೂತು ಅಲ್ಲಿದ್ದ ಎಲ್ಲಕ್ಕಿಂತ ದಪ್ಪನೆಯ ನಿಘಂಟನ್ನು ತೆಗೆಸಿದೆ.

ಅಲ್ಲಿ ಸಿಕ್ಕದ್ದು ನನ್ನನ್ನು ಬೆರಗುಗೊಳಿಸಿತು. ಪದ ಮೂಲದಲ್ಲಿ ಇಂಗ್ಲಿಷಿನದಲ್ಲ, ಗ್ರೀಕಿನದು. ಮೆಲಾಸ್ ಎಂದರೆ ಕಪ್ಪು, ಖೊಲೆ ಎಂದರೆ ಪಿತ್ತ. ರಕ್ತ, ಕಫ, ಹಳದಿ ಪಿತ್ತ, ಕಪ್ಪು ಪಿತ್ತ ಎಂಬ ನಾಲ್ಕು ರಸಗಳು ಮನುಷ್ಯನ ದೇಹದಲ್ಲಿವೆ ಎಂದು ಹಿಂದಿನ ಗ್ರೀಕ್ ವೈದ್ಯರು ನಂಬಿದ್ದರು. ಕಪ್ಪು ಪಿತ್ತ ಹೆಚ್ಚಿದರೆ ಮನುಷ್ಯ ಮಂಕಾಗುತ್ತಾನೆ, ಮಾತು ಬಿಡುತ್ತಾನೆ. ಆ ಸ್ಥಿತಿಗೆ ರಸದ ಹೆಸರನ್ನೇ ಇಟ್ಟರು. ಲ್ಯಾಟಿನ್, ಫ್ರೆಂಚ್ ಭಾಷೆಗಳನ್ನು ಹಾಯ್ದು ಪದ ಇಂಗ್ಲಿಷಿಗೆ ಬಂತು. ನಾನು ಇದೆಲ್ಲವನ್ನೂ ನೋಟುಪುಸ್ತಕದ ಎರಡು ಪುಟಗಳಲ್ಲಿ ಬರೆದುಕೊಂಡೆ. ಕೊನೆಗೆ ಕೊಟ್ಟಿದ್ದ ಈಗಿನ ಅರ್ಥ, ಕಾರಣ ಹೊರಗೆ ಕಾಣಲಿ ಕಾಣದಿರಲಿ ಬಹುಕಾಲ ಉಳಿಯುವ ಗಾಢ ದುಃಖ ಎಂಬುದು, ಒಂದೇ ಸಾಲಿನದು. ಅದು ನನಗೆ ಸಪ್ಪೆಯಾಗಿ ಕಂಡಿತು. ಮೂಲದ ಅರ್ಥ ಗಟ್ಟಿ, ಕೈಯಲ್ಲಿ ಹಿಡಿಯುವಂಥದ್ದು. ಪಿತ್ತ ಎಂದರೆ ನಮ್ಮವರಿಗೆ ತಿಳಿಯುತ್ತದೆ. ಪಿತ್ತ ದೇಹದ ವಿಷಯ, ಅದು ಹುಚ್ಚಾಗಲು ಸಾಧ್ಯವಿಲ್ಲ. ವಾದ ಸಿದ್ಧವಾಯಿತೆಂದು ಪುಸ್ತಕ ಮುಚ್ಚಿದೆ.

ಆ ಎಂಟು ದಿನವೂ ಅಕ್ಕ ನಮ್ಮ ಮನೆಯಲ್ಲೇ ಇದ್ದಳು. ನಾನು ನೋಟುಪುಸ್ತಕ ಹಿಡಿದು ಮಾಳಿಗೆಯ ಮೇಲೆ ತಿರುಗಾಡುತ್ತ ಬಾಯಿಪಾಠ ಮಾಡುತ್ತಿದ್ದೆ. ಅವಳು ಕೆಳಗೆ ಅವ್ವನ ಪಕ್ಕದಲ್ಲಿ ಕೂತು ಸೊಪ್ಪು ಸೋಸುತ್ತಿದ್ದಳು. ನಾಲ್ಕನೆಯ ದಿನಕ್ಕೆ ಎರಡು ರೊಟ್ಟಿ ಉಂಡಳು. ಆರನೆಯ ದಿನ ಚಿಕ್ಕಮ್ಮನ ಮಗು ಏನೋ ಮಾಡಿದ್ದಕ್ಕೆ ಸಣ್ಣಗೆ ನಕ್ಕಳೆಂದು ಅವ್ವ ಹೇಳಿದಳು. ನಾನು ಅದಕ್ಕೆ ಬೆಲೆ ಕೊಡಲಿಲ್ಲ. ಗುಳಿಗೆ ಕೆಲಸ ಮಾಡುತ್ತಿದೆ ಎಂದುಕೊಂಡೆ.

ಅಫಜಲಪುರದ ಪಡಸಾಲೆಯಲ್ಲಿ ಜಮಖಾನ ಹಾಸಿ ಹತ್ತು ಹನ್ನೆರಡು ಜನ ಗಂಡಸರು ಕೂತಿದ್ದರು. ಹೆಂಗಸರು ಒಳಗಿನ ಖೋಲಿಯಲ್ಲಿ. ನನ್ನನ್ನು ಎರಡರ ನಡುವಿನ ಹೊಸ್ತಿಲಲ್ಲಿ ನಿಲ್ಲಿಸಿದರು. ನನ್ನ ಬೆನ್ನ ಹಿಂದೆ ಮೂರು ಮೊಳ ದೂರದಲ್ಲಿ ಅಕ್ಕ ಗೋಡೆಗೆ ಒರಗಿ ಕೂತಿದ್ದಳು.

ಭಾವನ ಅಣ್ಣ ಮೊದಲು ಮಾತಾಡಿದರು. ತಮ್ಮ ಮನೆತನದ ಮರ್ಯಾದೆ, ಮಾಡಿದ ಖರ್ಚು, ಹೋದ ಗುಡಿ ಎಲ್ಲ ಹೇಳಿ, "ನಮ್ಮ ತಮ್ಮ ಹುಚ್ಚೀನ ಕಟಗೊಂಡು ಬಾಳೇ ಮಾಡ್ಬೇಕೇನ್ರಿ? ಡಾಕ್ಟರೇ ಬರದುಕೊಟ್ಟಾರ," ಎಂದು ಮುಗಿಸಿದರು. ಭಾವ ಕಂಬದ ಬಳಿ ತಲೆ ತಗ್ಗಿಸಿ ಕೂತಿದ್ದರು.

ಹಿರಿಯರು ನನ್ನ ಕಡೆ ತಿರುಗಿದರು. "ಹೇಳವ್ವಾ ತಂಗಿ, ಅಂಜಬ್ಯಾಡ. ಕಾಗದದಾಗ ಏನ ಬರದದ ಅಷ್ಟ ಹೇಳು. ನಿನ್ನ ಕಡಿಂದ ಏನೂ ಕೂಡಸಬ್ಯಾಡ."

ನಾನು ಶುರುಮಾಡಿದೆ. ಮನೆಯ ಮಾತಿನಲ್ಲಲ್ಲ, ಪುಸ್ತಕದ ಕನ್ನಡದಲ್ಲಿ. ಗ್ರೀಕ್ ದೇಶದಿಂದ ಹೊರಟು ನಾಲ್ಕು ರಸಗಳನ್ನು ಹೆಸರಿಸಿ ಕಪ್ಪು ಪಿತ್ತಕ್ಕೆ ಬರುವಷ್ಟರಲ್ಲಿ ಮೂಲೆಯಲ್ಲಿದ್ದ ಯಾರೋ, "ಆಕಾಶವಾಣಿ ಹಚ್ಚಿದಂಗಾತಲೇ," ಎಂದರು. ನಾಲ್ಕು ಜನ ನಕ್ಕರು. ಅಪ್ಪ ನಗಲಿಲ್ಲ. ಅವರ ಮುಖ ನೋಡಿ ನನಗೆ ಇನ್ನಷ್ಟು ಧೈರ್ಯ ಬಂತು. ಈ ಪದದಲ್ಲಿ ತಲೆಯಾಗಲಿ ಬುದ್ಧಿಯಾಗಲಿ ಎಲ್ಲಿಯೂ ಇಲ್ಲ, ಇರುವುದು ಪಿತ್ತ ಮಾತ್ರ, ಬೇಕಾದರೆ ನಿಘಂಟಿನ ಪುಟಸಂಖ್ಯೆ ಕೊಡುತ್ತೇನೆ ಎಂದು ಹೇಳಿ ನಿಲ್ಲಿಸಿದೆ.

ಹಿರಿಯರು ಗಡ್ಡ ನೀವಿಕೊಂಡರು.

"ಹಂಗಾದ್ರ ಇದು ಹೊಟ್ಟಿ ಬ್ಯಾನಿ ಆತು. ತಲಿ ಬ್ಯಾನಿ ಅಲ್ಲ," ಎಂದರು. "ಹೊಟ್ಟಿ ಬ್ಯಾನಿಗೆ ಯಾರರ ಸೋಡಚೀಟಿ ಬರೀತಾರೇನ್ರಿ? ಹಂಗ ಬರಿಯೂದಾದ್ರ ನಮ್ಮ ಮನ್ಯಾಗ ನಾನೇ ಮೊದಲ ಹೊರಗ ಬೀಳ್ತಿದ್ದೆ."

ಈ ಸಲ ಎಲ್ಲರೂ ನಕ್ಕರು. ಭಾವನ ಅಣ್ಣನಿಗೆ ಬೇರೆ ದಾರಿ ಉಳಿಯಲಿಲ್ಲ. "ಪಿತ್ತಂದ್ರ ಪಿತ್ತರಿ," ಎಂದರು. "ಕರಕೊಂಡ ಹೋಗಿ ಪಿತ್ತದ ಪಥ್ಯ ಮಾಡಸ್ತೀವಿ. ಮುಂದ ಯಾರೂ ತಕರಾರ ತಗೀಬಾರದು, ಅಷ್ಟ."

ಎಲೆ ಅಡಿಕೆ ಹಂಚಿದರು. ಅಪ್ಪನೂ ಎಲೆ ಹಿಡಿದರು. ವಾಪಸು ಬರುವಾಗ ಬಸ್ಸಿನಲ್ಲಿ ಪರಿಚಯವಿಲ್ಲದವರಿಗೂ ಮಗಳ ಕೈಯಲ್ಲಿ ಪದವಿ ಇದೆಯೆಂದು ಹೇಳಿದರು. ಅಕ್ಕ ಅಲ್ಲಿಂದಲೇ ಗಂಡನ ಜೊತೆ ಹೋದಳು. ಹೋಗುವಾಗ ನನ್ನ ಕಡೆ ನೋಡಿದಳು. ಕೃತಜ್ಞತೆಯಿಂದ ನೋಡಿದಳೆಂದು ನಾನು ತಿಳಿದೆ.

ಮೂರು ತಿಂಗಳ ನಂತರ ಅವ್ವ ಮತ್ತು ನಾನು ಕೊಳಕೂರಿಗೆ ಹೋದೆವು. ಹೊಲದ ಮನೆಯ ಬಾಗಿಲು ಹಾಕಿತ್ತು. ಒಳಗೆ ಹಗಲಿನಲ್ಲೂ ಕತ್ತಲೆ. ಬೆಳಕಿಂಡಿಗೆ ಒದ್ದೆ ಗೋಣಿತಟ್ಟು ಕಟ್ಟಿದ್ದರು. ಅಕ್ಕ ಚಾಪೆಯ ಮೇಲೆ ಮಲಗಿದ್ದಳು. ನೆತ್ತಿಯ ತುಂಬ ಹರಳೆಣ್ಣೆ, ಮೈಯಲ್ಲಿ ಏನೂ ಉಳಿದಿರಲಿಲ್ಲ.

ಪಿತ್ತಕ್ಕೆ ಏನು ಮಾಡಬೇಕೆಂದು ನಮ್ಮ ಕಡೆ ಪ್ರತಿಯೊಬ್ಬರಿಗೂ ಗೊತ್ತು. ಬೀಗರ ಮನೆಯವರು ಅದನ್ನೆಲ್ಲ ಒಂದೂ ಬಿಡದೆ ಮಾಡಿದ್ದರು. ಖಾರ ಇಲ್ಲ, ಹುಳಿ ಇಲ್ಲ. ಬೆಳಿಗ್ಗೆ ಕೊತ್ತಂಬರಿ ಬೀಜ ನೆನೆಸಿದ ನೀರು. ಬೆಂಕಿಯ ಹತ್ತಿರ ಹೋಗಬಾರದೆಂದು ಒಲೆ ಬಿಡಿಸಿದ್ದರು. ಅಡುಗೆ ದಿನಕ್ಕೊಮ್ಮೆ ಊರೊಳಗಿನ ಮನೆಯಿಂದ ಬರುತ್ತಿತ್ತು. ಬಿಸಿಲು ಬೀಳಬಾರದೆಂದು ಕಳೆ ತೆಗೆಯುವ ಹೆಂಗಸರ ಜೊತೆ ಹೊಲಕ್ಕೆ ಇಳಿಯುವುದನ್ನು ನಿಲ್ಲಿಸಿದ್ದರು. ಜೇವರ್ಗಿ ಸಂತೆಗೆ ಹೋಗುವುದನ್ನೂ ಅದೇ ಕಾರಣಕ್ಕೆ ನಿಲ್ಲಿಸಿದ್ದರು. ಹೆಚ್ಚು ಮಾತಾಡಿದರೆ ಉಷ್ಣ ಏರುತ್ತದೆಂದು ಯಾರೂ ಬಂದು ಕೂಡುತ್ತಿರಲಿಲ್ಲ. ಸೊಲ್ಲಾಪುರದ ಗುಳಿಗೆಗಳು ಉಷ್ಣ ಎಂದು ಅವನ್ನೂ ಬಿಡಿಸಿದ್ದರು. ಇದರಲ್ಲಿ ಯಾರ ದ್ವೇಷವೂ ಇರಲಿಲ್ಲ. ಭಾವ ಪ್ರತಿ ಎರಡು ತಾಸಿಗೊಮ್ಮೆ ಹೊಲದಿಂದ ಬಂದು ಗೋಣಿತಟ್ಟಿಗೆ ನೀರು ಹಾಕಿ ಹೋಗುತ್ತಿದ್ದರು.

"ಎಲ್ಲಾ ನೀ ಹೇಳಿದಂಗೇ ಮಾಡಾಕತ್ತೇವಿ," ಎಂದು ಅವರು ನನಗೆ ಹೇಳಿದರು. ನನ್ನ ಮೇಲೆ ಅವರಿಗೆ ಪೂರ್ಣ ಭರವಸೆ ಇತ್ತು.

ಅವ್ವ ಅಲ್ಲೇ ಕೂತು ಅಳತೊಡಗಿದಳು. ಸೊಲ್ಲಾಪುರದ ಡಾಕ್ಟರ ಹತ್ತಿರ ಇನ್ನೊಮ್ಮೆ ಹೋಗೋಣವೆಂದು ನಾನು ಹಟ ಹಿಡಿದೆ. ಮರುದಿನ ನಸುಕಿನಲ್ಲೇ ಅವ್ವ, ಅಕ್ಕ, ಭಾವ, ನಾನು ನಾಲ್ವರೂ ಹೊರಟೆವು.

ಡಾಕ್ಟರು ವಯಸ್ಸಾದವರು, ಅರ್ಧ ಕನ್ನಡ ಅರ್ಧ ಮರಾಠಿಯ ಮಾತು. ಗುಳಿಗೆ ಏಕೆ ನಿಲ್ಲಿಸಿದಿರಿ ಎಂದು ಭಾವನನ್ನು ಗದರಿದರು. ಭಾವ ಕಪ್ಪು ಪಿತ್ತದ ವಿಷಯ ಹೇಳಿ ನನ್ನನ್ನು ತೋರಿಸಿದರು. ನಾನು ನೋಟುಪುಸ್ತಕ ತೆರೆದು ವಿವರಿಸಲು ಹೋದೆ. ಡಾಕ್ಟರು ಕೈ ಎತ್ತಿ ತಡೆದರು. ಆ ಕಪ್ಪು ಪಿತ್ತವನ್ನು ಇಂದಿನವರೆಗೂ ಯಾರ ದೇಹದಲ್ಲೂ ಯಾರೂ ಕಂಡಿಲ್ಲ, ಅಂಥ ರಸವೇ ಇಲ್ಲ, ನಂಬಿಕೆ ಹೋದರೂ ಹೆಸರು ಮಾತ್ರ ಉಳಿದುಕೊಂಡಿದೆ, ಮುಂದೆ ಇನ್ನೊಬ್ಬ ಡಾಕ್ಟರು ನೋಡಿದರೆ ತಿಳಿಯಲೆಂದು ಅದನ್ನು ಬರೆದದ್ದು ಎಂದರು.

"ನೀವು ಪದದ ಹುಟ್ಟು ಹುಡುಕ್ಕೊಂತ ಎರಡ ಸಾವಿರ ವರ್ಷ ಹಿಂದ ಹೋದ್ರಿ," ಎಂದರು. "ಪೇಶಂಟ್ ಇಲ್ಲೇ ಕುಂತಾಳಲ್ಲ."

ಅವರು ಅಕ್ಕನಿಗೆ ಕೇಳಿದ್ದು ಒಂದೇ ಪ್ರಶ್ನೆ, ಬೆಳಿಗ್ಗೆ ಎದ್ದಾಗಿನಿಂದ ಏನೇನು ಮಾಡುತ್ತೀ ಎಂದು. ಅಕ್ಕ ಉತ್ತರ ಕೊಡಲಿಲ್ಲ. ಡಾಕ್ಟರು ಅವಸರ ಮಾಡಲಿಲ್ಲ. ಹಳೆಯ ಗುಳಿಗೆಗಳನ್ನೇ ಮತ್ತೆ ಕೊಟ್ಟು, ಮನೆಯಲ್ಲಿ ಯಾರಾದರೂ ಇದೇ ಪ್ರಶ್ನೆಯನ್ನು ಕೇಳಿ, ಉತ್ತರ ಬರುವವರೆಗೆ ಕಾಯಿರಿ ಎಂದರು.

ಅಫಜಲಪುರದ ಬಸ್ಸು ತುಂಬಿತ್ತು. ಅಕ್ಕನಿಗೆ ಮುಂದೆ ಒಬ್ಬ ಬಳೆಗಾರ್ತಿಯ ಪಕ್ಕ ಜಾಗ ಸಿಕ್ಕಿತು. ಅವ್ವ, ನಾನು, ಭಾವ ಎರಡು ಸಾಲು ಹಿಂದೆ ನಿಂತಿದ್ದೆವು. ಬಳೆಗಾರ್ತಿ ಬಾಯಿಬಡಕಿ. ಬಳೆ ತುಂಬಿದ ಪುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಯಾವ ಊರು, ಯಾರ ಮನೆಯವಳು, ಮೈ ಏಕೆ ಹೀಗೆ ಇಳಿದಿದೆ ಎಂದು ಕೇಳುತ್ತಲೇ ಇದ್ದಳು. ಮೊದಲ ಅರ್ಧ ತಾಸು ಅಕ್ಕ ಕಿಟಕಿಯಾಚೆ ನೋಡುತ್ತಿದ್ದಳು. ಅವಳು ಕೇಳಲಿ ಬಿಡಲಿ, ಬಳೆಗಾರ್ತಿ ಪುಂಡಿಪಲ್ಯ ಮಾಡುವ ಬಗೆ ಹೇಳಲು ಶುರುಮಾಡಿದಳು. ಅದಕ್ಕೆ ಜೋಳದ ನುಚ್ಚು ಹಾಕಬಾರದು, ಕೆಡುತ್ತದೆ ಎಂದಳು.

"ನುಚ್ಚ ಹಾಕಲಿಲ್ಲಂದ್ರ ಅದೆಂಥಾ ಪುಂಡಿಪಲ್ಯ ಬೇ," ಎಂಬ ಮಾತು ಕೇಳಿಸಿತು.

ಅದು ಅಕ್ಕನ ಧ್ವನಿ. ಅವ್ವ ನನ್ನ ತೋಳು ಹಿಡಿದುಕೊಂಡಳು. ಆಮೇಲೆ ಇಬ್ಬರೂ ಬೆಳ್ಳುಳ್ಳಿಗೆ ಬಂದರು, ಶೇಂಗಾ ಹಿಂಡಿಗೆ ಬಂದರು, ಯಾವುದೋ ಊರಿನ ಸೊಸೆಯೊಬ್ಬಳ ಕಥೆಗೆ ಬಂದರು. ಧ್ವನಿ ಒಣಗಿತ್ತು, ನಡುನಡುವೆ ಸಾಲುತ್ತಿರಲಿಲ್ಲ, ಆದರೆ ಮಾತು ನಿಲ್ಲಲಿಲ್ಲ. ಭಾವ ಬಸ್ಸಿನ ಸಲಾಕೆ ಹಿಡಿದು, ಕಿವಿಯನ್ನು ಆ ಕಡೆಗೇ ಇಟ್ಟು ನಿಂತಿದ್ದರು. ಅವರ ಮುಖದಲ್ಲಿದ್ದದ್ದನ್ನು ಸಂತೋಷ ಎನ್ನಲಾರೆ. ಹೆಂಡತಿಗೆ ಮಾತು ಬರುತ್ತದೆ, ತನ್ನ ಮನೆಯಲ್ಲಿ ಮಾತ್ರ ಬರುತ್ತಿಲ್ಲ ಎಂಬುದು ಅವರಿಗೆ ಆಗಲೇ ಹೊಳೆದಿರಬೇಕು.

ಸೋದರಮಾವನ ಮನೆಯಲ್ಲಿ ಇಳಿದು, ಇಳಿಹೊತ್ತಿನಲ್ಲಿ ಊಟವಾದ ಮೇಲೆ ನಾನು ಅವಳ ಪಕ್ಕದಲ್ಲಿ ಕೂತು ಡಾಕ್ಟರ ಪ್ರಶ್ನೆಯನ್ನೇ ಕೇಳಿದೆ. ಕಾಯ್ದೆ. ಬಹಳ ಹೊತ್ತು ಕಾಯ್ದೆ.

"ಏನ ಮಾಡ್ತೇನಿ? ಮುಂಜಾನಿಂದ ಸಂಜೀತನ ನನ್ನ ಧ್ವನಿ ನನಗ ಕೇಳಸಂಗಿಲ್ಲ," ಎಂದಳು. "ಮೊದಮೊದಲ ಎಮ್ಮಿ ಜೋಡಿ ಮಾತಾಡ್ತಿದ್ದೆ. ಒಂದ ದಿನ ಇವ್ರು ಕೇಳಿಸ್ಕೊಂಡ್ರು. ಅಂದಿನಿಂದ ನಾಚಿಕಿ ಬಂದು ಅದನ್ನೂ ಬಿಟ್ಟೆ. ಆಮ್ಯಾಲ ಮಂದಿ ಬಂದ್ರೂ ಮಾತು ಬರವಲ್ಲವು."

ಇದನ್ನು ಮೊದಲೇ ಏಕೆ ಹೇಳಲಿಲ್ಲ ಎಂದು ನಾನು ಕೇಳಿದೆ. ಈಗ ಯೋಚಿಸಿದರೆ ಆ ಪ್ರಶ್ನೆಯನ್ನು ಕೇಳುವ ಅಧಿಕಾರವೇ ನನಗಿರಲಿಲ್ಲ.

"ಅವತ್ತ ನಿನ್ನ ಬೆನ್ನ ಹಿಂದ ಕುಂತಿದ್ದೆ," ಎಂದಳು. "ಗ್ರೀಕ್ ದೇಶದಾಗ ಯಾರೋ ಏನೋ ಅಂದಿದ್ದು ನಿನಗ ಗೊತ್ತಿತ್ತು. ತಿರುಗಿ ಒಮ್ಮಿ ನನ್ನ ನೋಡ್ಲಿಲ್ಲ ನೀ."

ನಾನು ಎದ್ದು ಹೊರಗೆ ಹೋದೆ.

ಈಗ ಇಪ್ಪತ್ತು ವರ್ಷಗಳಿಂದ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೇನೆ. ಪದಗಳ ಹುಟ್ಟಿನ ಬಗ್ಗೆ ನನಗೆ ಆಸಕ್ತಿ ಕಡಿಮೆಯಾಗಿಲ್ಲ. ಸ್ಯಾಡ್ ಎಂಬ ಚಿಕ್ಕ ಪದಕ್ಕೂ ಹಿಂದೆ ದುಃಖದ ಸಂಬಂಧವಿರಲಿಲ್ಲ. ಹೊಟ್ಟೆ ತುಂಬಿದ, ಸಾಕಾದ ಎಂಬುದು ಅದರ ಮೊದಲ ಅರ್ಥ. ಅಲ್ಲಿಂದ ಭಾರವಾದ, ಆಮೇಲೆ ಗಂಭೀರವಾದ, ಕೊನೆಗೆ ದುಃಖಗೊಂಡ ಎಂದಾಯಿತು. ಮಕ್ಕಳಿಗೆ ಇದನ್ನು ಹೇಳುತ್ತೇನೆ, ಅವರು ಕುತೂಹಲದಿಂದ ಕೇಳುತ್ತಾರೆ. ಆದರೆ ಅಳುತ್ತಿರುವ ಹುಡುಗಿಯೊಬ್ಬಳು ತಾನು ಸ್ಯಾಡ್ ಎಂದರೆ ಇವಳಿಗೆ ಊಟ ಹೆಚ್ಚಾಗಿದೆ ಎಂದು ಯಾರೂ ತಿಳಿಯುವುದಿಲ್ಲ. ಅಕ್ಕನ ವಿಷಯದಲ್ಲಿ ನಾನು ತಿಳಿದದ್ದು ಹಾಗೆಯೇ.

ಅಂದು ಸಂಜೆಯೇ ಅಪ್ಪನಿಗೆ ಹೇಳಿಕಳಿಸಿದೆ. ದೈವವನ್ನು ಮತ್ತೆ ಕೂಡಿಸಬೇಕು, ಎಲೆ ಅಡಿಕೆ ನಾನು ಇಡುತ್ತೇನೆ ಎಂದೆ. ಅಪ್ಪ ಮರುದಿನ ಬಂದವರು ಮೊದಲು ಬೇಡವೆಂದರು. ತೀರ್ಮಾನ ಮುರಿದರೆ ಬೀಗರು ಮತ್ತೆ ಸೋಡಚೀಟಿಗೆ ಹೋಗುತ್ತಾರೆ, ಗುಳಿಗೆ ಶುರುವಾಗಿದೆ, ಕಾಯೋಣ ಎಂದರು. ಅವರ ಭಯ ಸುಳ್ಳಾಗಿರಲಿಲ್ಲ. ಜೊತೆಗೆ ಇನ್ನೊಂದೂ ಇತ್ತು. ನಾನು ತಪ್ಪಿದೆನೆಂದು ಜನರೆದುರು ಹೇಳಿಕೊಂಡರೆ ಅವರು ಊರಿನ ಬಾಯಿಗೆ ಕೊಟ್ಟ ಉತ್ತರವೂ ಹೋಗುತ್ತಿತ್ತು. ಕೊನೆಗೆ ಅಪ್ಪ ಒಳಗೆ ಹೋಗಿ ಅಕ್ಕನನ್ನು ನೋಡಿ ಬಂದು, "ಕೂಡಸ್ತೇನಿ," ಎಂದಷ್ಟೇ ಅಂದರು.

ಐದನೆಯ ದಿನ ಅದೇ ಪಡಸಾಲೆ, ಬಹುತೇಕ ಅದೇ ಜನ. ನಾನು ಹೊಸ್ತಿಲು ದಾಟಿ ಜಮಖಾನದ ಅಂಚಿಗೆ ಬಂದು ಎಲೆ ಅಡಿಕೆಯ ತಟ್ಟೆಯನ್ನು ಹಿರಿಯರ ಮುಂದಿಟ್ಟೆ. ಈ ಸಲ ಕೈಯಲ್ಲಿ ನೋಟುಪುಸ್ತಕ ಇರಲಿಲ್ಲ, ಬಾಯಿಗೆ ಪುಸ್ತಕದ ಕನ್ನಡ ಬರಲೂ ಇಲ್ಲ.

"ಹೋದ ಸಲ ನಾ ಹೇಳಿದ್ದು ತಪ್ಪ್ರಿ," ಎಂದೆ.

ಭಾವನ ಅಣ್ಣ ತಕ್ಷಣ ಹಿಡಿದರು. "ಅಂದ್ರ ಹುಚ್ಚಂತ ಒಪ್ಪತೀರಿ?"

"ಇಲ್ರಿ. ಡಾಕ್ಟರ್ ದುಃಖ ಅಂತ ಬರದಾರ. ನಾ ದುಃಖ ಬಿಟ್ಟು ಪದ ಎಲ್ಲಿ ಹುಟ್ಟೇತಿ ಅದನ್ನ ಹೇಳಿದೆ. ಅಕಿ ಬ್ಯಾನಿ ಏನಂತ ನನಗ ಆಗ ಗೊತ್ತಿರಲಿಲ್ಲ, ನಾ ಕೇಳಿರಲಿಲ್ಲ. ಈಗ ನೀವು ಅಕಿನ್ನೇ ಕೇಳ್ರಿ."

ಮೂಲೆಯಲ್ಲಿ ಯಾರೋ ಆಕಾಶವಾಣಿ ಕೆಟ್ಟಿತು ಎಂದರು. ಹಿರಿಯರು ಆ ಕಡೆ ಒಮ್ಮೆ ನೋಡಿದರು, ಮಾತು ನಿಂತಿತು. ನ್ಯಾಯ ಯಾವ ಹೆಣ್ಣಿನ ಬಗ್ಗೆ ನಡೆಯುತ್ತಿದೆಯೋ ಆ ಹೆಣ್ಣನ್ನೇ ಕರೆದು ಕೇಳುವ ಪದ್ಧತಿ ನಮ್ಮಲ್ಲಿ ಇರಲಿಲ್ಲ. ತಂದೆಯನ್ನು ಕೇಳುತ್ತಿದ್ದರು, ಅಣ್ಣನನ್ನು ಕೇಳುತ್ತಿದ್ದರು. ಹಿರಿಯರು ಎಲೆಯ ತಟ್ಟೆಯನ್ನು ಮುಟ್ಟದೆ ಕೂತರು. ಅವರು ಕರೆಯುತ್ತಾರೋ ಇಲ್ಲವೋ ತಿಳಿಯದೆ ನಾನು ನಿಂತೇ ಇದ್ದೆ. ಕೊನೆಗೆ ಯಾರೂ ಕರೆಯುವ ಮೊದಲೇ ಅಕ್ಕ ಹೊಸ್ತಿಲಿಗೆ ಬಂದು, ಬಾಗಿಲ ಚೌಕಟ್ಟು ಹಿಡಿದು ನಿಂತಳು.

"ನನ್ನ ಹೊಲದ ಮನ್ಯಾಗ ಇಡಬ್ಯಾಡ್ರಿ," ಎಂದಳು. "ಊರಾಗ ಮಂದಿ ನಡುವ ಒಂದ ಖೋಲಿ ಕೊಡ್ರಿ, ಸಾಕು. ಇವ್ರ ಜೋಡಿ ಬಾಳೇ ಮಾಡಂಗಿಲ್ಲಂತ ನಾ ಯಾವತ್ತೂ ಅಂದಿಲ್ಲ."

ಅಷ್ಟು ಹೇಳುವುದಕ್ಕೆ ಅವಳು ಎರಡು ಸಲ ಉಸಿರು ತೆಗೆದುಕೊಳ್ಳಬೇಕಾಯಿತು. ಆಗ ಕಂಬದ ಬಳಿಯಿಂದ ಭಾವ ಮಾತಾಡಿದರು. ಎರಡು ಬೈಠಕ್‌ಗಳಲ್ಲಿ ಅವರ ಬಾಯಿಂದ ಬಂದ ಮೊದಲ ಮಾತು ಅದು.

"ನನಗ ಹೇಳಿದ್ರ ನಾ ಆಗಲೇ ಮಾಡ್ತಿದ್ದೆ."

"ನೀವು ಕೇಳಿದ್ರ ನಾ ಆಗಲೇ ಹೇಳ್ತಿದ್ದೆ," ಎಂದಳು ಅಕ್ಕ.

ಒಳಗಿನ ಹೆಂಗಸರಲ್ಲಿ ಯಾರೋ ನಕ್ಕರು. ಹಿರಿಯರೂ ನಕ್ಕರು. ಭಾವನ ಅಣ್ಣ ಊರಿನ ಮನೆ ತನ್ನ ಪಾಲಿನದೆಂದು ತಕರಾರು ತೆಗೆದರು. ಅವರಿಗೆ ಆ ಹಕ್ಕು ಇತ್ತು. ಭಾವ ಎದ್ದು ನಿಂತು, ಅಣ್ಣನ ಮನೆ ಬೇಡ, ಓಣಿಯಲ್ಲಿ ಬೇರೆ ಖೋಲಿ ನೋಡುತ್ತೇನೆ, ಇನ್ನೊಂದು ಹೆಣ್ಣಿನ ಮಾತನ್ನು ನನ್ನ ಹೆಸರಿನಲ್ಲಿ ಯಾರೂ ಆಡಬಾರದು ಎಂದು ಹೇಳಿದರು. ಹಿರಿಯರು ತಟ್ಟೆಯಿಂದ ಮೊದಲ ಎಲೆಯನ್ನು ತಾವೇ ಎತ್ತಿಕೊಂಡರು.

ಅದಾದ ಮೇಲೆ ನಮ್ಮ ಮನೆತನದಲ್ಲಿ ಬದಲಾದದ್ದು ಇಷ್ಟು. ಅಕ್ಕ ಮತ್ತು ಭಾವ ಕೊಳಕೂರಿನ ಓಣಿಯಲ್ಲಿ ಮನೆ ಹಿಡಿದರು, ಮುಂದೆ ಅದೇ ಓಣಿಯಲ್ಲಿ ಸ್ವಂತ ಮನೆ ಕಟ್ಟಿದರು. ಭಾವ ಹೊಲಕ್ಕೆ ಸೈಕಲ್ಲಿನ ಮೇಲೆ ಹೋಗಿ ಬರುತ್ತಾರೆ. ಅವರಿಗೆ ಇಬ್ಬರು ಮಕ್ಕಳು. ಎರಡನೆಯ ಬಾಣಂತನದಲ್ಲಿ ಅಕ್ಕನಿಗೆ ಆ ಮೌನ ಮತ್ತೆ ಬಂತು, ನಾಲ್ಕು ತಿಂಗಳು ಇತ್ತು, ಸೊಲ್ಲಾಪುರದ ಗುಳಿಗೆ ತೆಗೆದುಕೊಂಡಳು, ವಾಸಿಯಾಯಿತು. ಅದಕ್ಕಾಗಿ ಯಾರೂ ಬೈಠಕ್ ಕರೆಯಲಿಲ್ಲ. ಭಾವನ ಅಣ್ಣನ ಮನೆಗೂ ನಮಗೂ ಹೋಗಿಬರುವುದು ನಿಂತಿತು, ಇಂದಿಗೂ ಸರಿಯಾಗಿಲ್ಲ. ಅಪ್ಪ ನನ್ನ ಪದವಿಯ ಬಗ್ಗೆ ಹೊರಗಿನವರ ಮುಂದೆ ಹೇಳುವುದನ್ನು ಕಡಿಮೆ ಮಾಡಿದರು, ಆದರೆ ಚಿಕ್ಕಪ್ಪನ ಇಬ್ಬರು ಹೆಣ್ಣುಮಕ್ಕಳನ್ನು ತಾವೇ ಕರೆದೊಯ್ದು ಕಾಲೇಜಿಗೆ ಹೆಸರು ಹಚ್ಚಿಸಿದರು. ನಮ್ಮ ಮನೆಯಲ್ಲಿ ಈಗ ಯಾವ ಹೆಣ್ಣುಮಗಳ ವಿಷಯಕ್ಕೆ ಹಿರಿಯರು ಕೂಡಿದರೂ ಅವಳು ಪಡಸಾಲೆಯಲ್ಲೇ ಕೂಡುತ್ತಾಳೆ, ಮೊದಲ ಮಾತು ಅವಳದೇ.